ಗೋಟು ತೊಂಬತ್ತು

ನಮ್ಮಕ್ಕ ಹದಿನಾರನೇ ವಯಸ್ಸಿಗೆ ಒಂದು ಕಂಪ್ಯೂಟರ್ ಆಟ ಬರೆದಿದ್ದಳು ಎಂದರೆ ಮಲ್ಕಾಜ್‌ಗಿರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರೂ ನಂಬುತ್ತಿರಲಿಲ್ಲ. ತೋರಿಸಲು ಏನೂ ಉಳಿದಿರಲಿಲ್ಲ. ಉಳಿಯದಂತೆ ಮಾಡಿದವಳು ನಾನೇ, ಅದು ಅಕ್ಕನಿಗೆ ಗೊತ್ತಿರಲಿಲ್ಲ.

ಸುಮಾರು ನಲವತ್ತು ವರ್ಷದ ಹಿಂದಿನ ಮಾತು. ತಾರ್ನಾಕದಲ್ಲಿ ಅಪ್ಪನ ಪರಿಚಯದ ಪ್ರೊಫೆಸರೊಬ್ಬರು ಟೀವಿಗೆ ಜೋಡಿಸುವ ಪುಟ್ಟ ಕಂಪ್ಯೂಟರನ್ನು ವಿದೇಶದಿಂದ ತಂದಿದ್ದರು. ಭಾನುವಾರ ಎರಡು ತಾಸು ಅದು ನಮ್ಮದು. ಬರೆದದ್ದನ್ನು ಕ್ಯಾಸೆಟ್ಟಿನಲ್ಲಿ ಉಳಿಸಿಕೊಳ್ಳಬೇಕು, ಆದರೆ ಅವರ ಟೇಪ್ ರೆಕಾರ್ಡರ್ ಕೆಟ್ಟು ಕೂತಿತ್ತು. ಸ್ವಿಚ್ ಆರಿಸಿದರೆ ಆಟ ಹೋಯಿತು. ಮುಂದಿನ ವಾರ ನೋಟ್‌ಬುಕ್ ನೋಡಿಕೊಂಡು ಮತ್ತೆ ಮೊದಲಿಂದ ಟೈಪ್ ಮಾಡಬೇಕು. ಓದುವವಳು ನಾನು, ಒತ್ತುವವಳು ಅಕ್ಕ. ಸಾಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತು ಎಂದು ನಂಬರು. ನಾನು ಅವನ್ನು ಹತ್ತರ ಮಗ್ಗಿಯ ರಾಗದಲ್ಲೇ ಒದರುತ್ತಿದ್ದೆ. ಇಂಥ ಸಾಲಿಗೆ ಹೋಗು ಎನ್ನುವ ಇಂಗ್ಲಿಷ್ ಆಜ್ಞೆ ನನ್ನ ಬಾಯಲ್ಲಿ ‘ಗೋಟು’ ಆಗಿತ್ತು. ಗೋಟು ತೊಂಬತ್ತು ಎಂದರೆ ತೊಂಬತ್ತು ಗೋಟಡಿಕೆ ಎಂದೇ ತಿಳಿದಿದ್ದೆ.

ಆಟ ಒಂದು ರೈಲ್ವೆ ಯಾರ್ಡು. ಅಕ್ಷರಗಳೇ ವ್ಯಾಗನ್ನು, ಗೀಟುಗಳೇ ಹಳಿ. ಡಿಕ್ಕಿಯಾಗದಂತೆ ಒಂದೊಂದನ್ನೂ ಅದರ ಹಳಿಗೆ ಸೇರಿಸಬೇಕು. ಅಪ್ಪ ರೈಲ್ವೆಯವರೇ ಆದರೂ ಗೊಣಗುತ್ತಿದ್ದರು: “ಮದಿವಿ ಆಗೋ ಹುಡುಗಿಗೆ ಇದ್ಯಾಕ ಬೇಕು?” ಪ್ರೊಫೆಸರ್ ಮಾತ್ರ, ಹೊರದೇಶದ ಆಟದ ಕಂಪನಿಗೆ ಕಳಿಸೋಣ, ನೋಟ್‌ಬುಕ್ ತಾ ಎಂದರು. ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನಗೆ ಹೊಟ್ಟೆ ಉರಿಯಿತು. ಓದಿ ಓದಿ ಗಂಟಲು ಹರಿದುಕೊಂಡವಳು ನಾನು, ಅವಳು ಒಂದು ಸಲವೂ ನನ್ನನ್ನು ಆಡಲು ಬಿಟ್ಟಿರಲಿಲ್ಲ. ಮರುದಿನ ರದ್ದಿಯವನು ಬಂದಾಗ ಆ ನೋಟ್‌ಬುಕ್ಕನ್ನು ಹಳೇ ಪೇಪರಿನ ನಡುವೆ ತುರುಕಿದೆ. ಅಕ್ಕ ಮೂರು ದಿನ ಮನೆಯೆಲ್ಲ ಜಾಲಾಡಿದಳು. ನಾಚಿಕೆಗೇಡಿ ನಾನು, ಜೊತೆಗೆ ನಿಂತು ಹುಡುಕಿದೆ. ಆಮೇಲೆ ಅವಳು ತಾರ್ನಾಕಕ್ಕೆ ಹೋಗುವುದನ್ನೇ ಬಿಟ್ಟಳು.

ಈ ಬೇಸಿಗೆಯಲ್ಲಿ ಅಕ್ಕ ನಮ್ಮ ಮನೆಗೆ ಬಂದಿದ್ದಾಗ, ಮೇಲಿನ ಮನೆಯಲ್ಲಿ ಬಾಡಿಗೆಗಿರುವ, ನನ್ನಿಂದ ಆ ಆಟದ ಕತೆ ಕೇಳಿದ್ದ ಮೈಸೂರಿನ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಇಳಿದು ಬಂದಳು. “ಹಳೇ ಕಂಪ್ಯೂಟರಿನ ಬಿಡುಗಡೆಯಾಗದ ಆಟಗಳನ್ನ ಜನ ಇನ್ನೂ ಹುಡುಕ್ತಾನೇ ಇದ್ದಾರೆ ಆಂಟಿ. ಆ ಮಷೀನು ಇದರೊಳಗೇ ನಡೆಯುತ್ತೆ, ನೋಡಿ.” ಅದೇ ಖಾಲಿ ಪರದೆ, ಅದೇ ಮಿಣುಕುವ ಗುರುತು. ಅಕ್ಕ ಕನ್ನಡಕ ಏರಿಸಿಕೊಂಡು ಕೂತಳು, ಒತ್ತತೊಡಗಿದಳು.

ನೋಟ್‌ಬುಕ್ಕಿಲ್ಲ, ಚೀಟಿಯಿಲ್ಲ. ಬೆಳಿಗ್ಗೆ ಇಟ್ಟ ಬೀಗದ ಕೈ ಸಂಜೆಗೆ ಸಿಗದ ಹೆಂಗಸು ಸಾಲಿನ ಮೇಲೆ ಸಾಲು ತುಂಬಿಸುತ್ತಿದ್ದಳು. ಇನ್ನೂರಾ ನಲವತ್ತು ಎಂದು ಸಾಲಿನ ನಂಬರು ಒತ್ತಿದವಳು ಮುಂದಿನದು ನೆನಪಾಗದೆ ತಡೆದಳು. ಬೆರಳು ಮೇಲೆ ಎತ್ತಿದ್ದು ಹಾಗೇ ಇತ್ತು.

“ಗೋಟು ತೊಂಬತ್ತು,” ಎಂದೆ ನಾನು, ಅದೇ ರಾಗದಲ್ಲಿ. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಗೆ ತಾನಾಗಿ ಬಂತು.

ಅಕ್ಕ ಅದನ್ನು ಒತ್ತಿ, ಉಳಿದ ಸಾಲುಗಳನ್ನೂ ಮುಗಿಸಿದಳು. ಆಟ ಶುರುವಾಯಿತು. ಅಕ್ಷರದ ವ್ಯಾಗನ್ನುಗಳು ಒಂದರ ಹಿಂದೊಂದು ಹೊರಟವು. ನೋಟ್‌ಬುಕ್ಕಿನ ಹಾಳೆ ಬೇಗಂ ಬಜಾರಿನಲ್ಲಿ ಎಂದೋ ಜೀರಿಗೆಯ ಪೊಟ್ಟಣವಾಗಿ ಹೋಗಿರಬೇಕು. ಆಟ ಮಾತ್ರ ಅವಳ ಬೆರಳಲ್ಲಿ ಅಷ್ಟು, ನನ್ನ ನಾಲಿಗೆಯಲ್ಲಿ ಇಷ್ಟು ಬದುಕಿಕೊಂಡಿತ್ತು. ಇಂಥ ಸೋಜಿಗ ನಾನು ಇನ್ನೊಂದು ಕಂಡಿಲ್ಲ. ಅದರ ಮುಂದೆ ಕೂತು ಸುಳ್ಳು ಇಟ್ಟುಕೊಳ್ಳಲು ನನಗೆ ಆಗಲಿಲ್ಲ.

“ಅಕ್ಕಾ, ಆ ನೋಟ್‌ಬುಕ್ ರದ್ದಿಗೆ ಹಾಕಿದಾಕಿ ನಾನ.”

ಅಕ್ಕನ ಕೈ ನಿಂತಿತು. ಪರದೆಯ ಮೇಲೆ ಎರಡು ವ್ಯಾಗನ್ನು ಡಿಕ್ಕಿ ಹೊಡೆದವು. ಅವಳು ನನ್ನ ಕಡೆ ತಿರುಗಲಿಲ್ಲ.

“ಅಪ್ಪ ಹರದು ಒಗದಾರ ಅಂತ ತಿಳಕೊಂಡಿದ್ದೆ,” ಎಂದಳು. “ಎಲ್ಲಾ ಬಾಯಿಪಾಠ ಇತ್ತು, ಮತ್ತ ಬರದು ಕೊಡಬಹುದಿತ್ತು. ಅಪ್ಪಗ ಮನಸ್ಸಿಲ್ಲಂತ ಬಿಟ್ಟೆ. ಅವರು ಹೋಗೋತನಕಾ ಅವರ ಜೋಡಿ ನೆಟ್ಟಗ ಮಾತಾಡಲಿಲ್ಲ.”