ಸಾವ್ಕಾರ್ರು ಆರಿಸಿದ ಸ್ಕ್ಯಾನರ್

ಉಮರ್ಗಾದ ನಮ್ಮ ಬಾಜೂಮನಿಯ ಅಡತಿ ಸಾವ್ಕಾರ್ರು ಚೀಲದಿಂದ ಮುಷ್ಟಿ ಕಾಳು ತೆಗೆದು ನೋಡದೆ ತೊಗರಿ ಕೊಂಡವರಲ್ಲ. ಮಾತೆತ್ತಿದರೆ "ನಮೂನಿ ತೋರಸ್ರೀ." ಮೆಕ್ಯಾನಿಕ್‌ನನ್ನು ನಂಬದೆ, ಕಾರಿನ ದೋಷ ಹೇಳುವ ಸ್ಕ್ಯಾನರ್ ಕೊಳ್ಳಲು ಹೋದಾಗಲೂ ಹಾಗೇ ಅಂದು, ಅಂಗಡಿಯಲ್ಲಿದ್ದವನ್ನೆಲ್ಲ ತಮ್ಮ ಹಳೇ ಕಾರಿಗೆ ಸಿಕ್ಕಿಸಿ ನೋಡಿದರು. ಎಲ್ಲವೂ ಇಂಜಿನ್ ಕೆಟ್ಟಿದೆ ಅಂದವು. ಒಂದು ಮಾತ್ರ ಏನೂ ಆಗಿಲ್ಲ ಅಂತು.

"ಇದು ಛಲೋ ಐತಿ. ಇದನ್ನ ಕೊಡ್ರೀ."

ತಮ್ಮ ಮಗನಿಗೆ ಹೆಣ್ಣು ನೋಡಲು ಹೆಂಡತಿಯ ಜೊತೆ ನನ್ನನ್ನೂ ಕರೆದುಕೊಂಡು ಅವರು ಹೊರಟ ದಿನ, ಯೆಣೆಗೂರದ ಧಾಬಾ ಮುಂದೆ ಕಾರು ಹೊಗೆಯೆದ್ದು ನಿಂತಿತು. ಸಾವ್ಕಾರ್ರು ಸ್ಕ್ಯಾನರ್ ಸಿಕ್ಕಿಸಿ, ಗೆದ್ದವರಂತೆ ನಕ್ಕರು. "ನೋಡ್ರಿ, ಏನೂ ಆಗಿಲ್ಲ!"

ಅವರ ಹೆಂಡತಿ ಇಳಿದು ಬಸ್ಸಿಗೆ ಕೈ ಮಾಡಿದರು.

"ನೀವು ಆರಿಸಿದ್ದು ಸಾಕ್ರೀ. ಗಾಡಿ ಕಾಯ್ಕೋತ ಕೂಡ್ರಿ. ಸೊಸಿನ್ನ ನಾ ಆರಿಸಿ ಬರ್ತೀನಿ."