ಪಲ್ಲಾವರಂನ ಶುಕ್ರವಾರಗಳು

ನಾನು ದಾವಣಗೆರೆಯವಳು. ಚೆನ್ನೈಗೆ ಬಂದು ಕೀಲ್ಪಾಕ್‌ನಲ್ಲಿ ಮನೆ ಮಾಡಿ, ಒಂದು ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ಗರ್ಭಿಣಿಯರಿಗೆ ರಕ್ತದೊತ್ತಡ ಏರಿ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತಾಗುವ ಕಾಯಿಲೆಯೊಂದಿದೆ. ಅದು ಕಾಣಿಸಿಕೊಳ್ಳುವ ಮೊದಲೇ ರಕ್ತದ ಪ್ರೋಟೀನುಗಳಲ್ಲಿ ಸುಳಿವು ಸಿಗುತ್ತದೆಯೇ ಎಂದು ಹುಡುಕುವುದು ನನ್ನ ಸಂಶೋಧನೆ. ಪ್ರಶ್ನೆ ನಮ್ಮಲ್ಲಿತ್ತು, ಹೆರಿಗೆ ಆಸ್ಪತ್ರೆಯ ತಾಯಂದಿರ ಒಪ್ಪಿಗೆಯೂ ಇತ್ತು. ಇಲ್ಲದ್ದು ಯಂತ್ರ. ಪ್ರೋಟೀನಿನ ಚೂರುಗಳನ್ನು ತೂಗಿ ಗುರುತು ಹಿಡಿಯುವ ಮಾಸ್ ಸ್ಪೆಕ್ಟ್ರೋಮೀಟರ್ ಪಲ್ಲಾವರಂ ಆಚೆಯ ಒಂದು ಔಷಧ ಕಂಪನಿಯಲ್ಲಿತ್ತು.

ಮೊದಲ ಸಭೆ ಮುರಿದೇ ಬಿತ್ತು. ಕಂಪನಿಯವರು ನಮ್ಮ ಕೆಲಸವನ್ನು ನುಂಗಿ ಕೂರುತ್ತಾರೆಂದು ನಮ್ಮ ವಿಭಾಗದ ಮುಖ್ಯಸ್ಥರಿಗೆ ಅನುಮಾನ. ಪ್ರೊಫೆಸರುಗಳು ಹೇಳಿದ ದಿನಕ್ಕೆ ಏನನ್ನೂ ಮುಗಿಸುವುದಿಲ್ಲವೆಂದು ಕಂಪನಿಯವರಿಗೆ ಅನುಮಾನ. ಹೊರಗೆ ಬಂದು, ಲಿಫ್ಟಿನ ಮುಂದೆ ನಿಂತು ಅಮ್ಮನೊಡನೆ ಫೋನಿನಲ್ಲಿ ಮಾತಾಡುತ್ತಿದ್ದೆ. ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕೂತಿದ್ದ, ಆ ಯಂತ್ರವನ್ನು ನೋಡಿಕೊಳ್ಳುವ ವಿಜ್ಞಾನಿ ಹತ್ತಿರ ಬಂದಳು.

"ನೀವು ಕನ್ನಡದವ್ರಾ ಮೇಡಂ? ನಾವೂ ಕನ್ನಡದವ್ರೇ. ತಾತ ಪೆರಂಬೂರಿಗೆ ರೈಲ್ವೆ ಕೆಲ್ಸಕ್ಕೆ ಬಂದೋರು. ನನ್ ಕನ್ನಡ ಕೇಳಿ ನಗ್ಬೇಡಿ, ಅರ್ಧ ತಮಿಳೇ ಬರತ್ತೆ."

"ನಗೂದೇನೈತ್ರಿ," ಎಂದೆ. "ಈ ಊರಾಗ ಇಷ್ಟು ಕೇಳಿದ್ದೇ ಹೆಚ್ಚು."

"ಹಾಗಾದ್ರೆ ಕಾಂಟ್ರಾಕ್ಟ್ ಎಲ್ಲಾ ಅಪ್ಪುರಂ, ಆಮೇಲೆ ನೋಡೋಣ. ಮೊದ್ಲು ಕೊಂಚ ಸ್ಯಾಂಪಲ್ ಓಡ್ಸಿ ನೋಡೋಣ. ನಮ್ಮ ಮ್ಯಾನೇಜರ್ ಹತ್ರ ನಾನು ಕೇಳ್ತೀನಿ."

ಮ್ಯಾನೇಜರ್ ಒಪ್ಪಿದರು. ಆದರೆ ಬಂದ ಫಲಿತಾಂಶ ಒಂದು ದಿನದ್ದು ಇನ್ನೊಂದು ದಿನಕ್ಕೆ ತಾಳೆಯಾಗಲಿಲ್ಲ. ಯಂತ್ರ ಸರಿಯಿಲ್ಲವೆಂದು ನಮ್ಮವರು, ಸ್ಯಾಂಪಲ್ ಸರಿಯಿಲ್ಲವೆಂದು ಅವರು. ಆಗ ಅವಳು ಯಾರಿಗೂ ಹೇಳದೆ ಒಂದು ಬೆಳಿಗ್ಗೆ ಆಸ್ಪತ್ರೆಗೆ ಬಂದು, ನನ್ನ ಜೊತೆ ಗರ್ಭಿಣಿಯರ ಬೆಂಚಿನ ಮೇಲೆ ಕೂತಳು. ತೆಗೆದ ರಕ್ತ ನಮ್ಮ ಲ್ಯಾಬ್ ತಲುಪುವ ಮೊದಲು ಎಷ್ಟೋ ಹೊತ್ತು ಆ ಸೆಕೆಯಲ್ಲೇ ಕಾಯುತ್ತಿತ್ತು. ಪ್ರೋಟೀನುಗಳು ಅಷ್ಟರಲ್ಲೇ ಒಡೆದುಹೋಗುತ್ತಿದ್ದವು. ಯಾರನ್ನೂ ಅವಳು ದೂರಲಿಲ್ಲ. "ಇಲ್ಲೇ ರಕ್ತ ತಿರುಗ್ಸಿ ಬೇರೆ ಮಾಡೋ ಒಂದು ಸೆಂಟ್ರಿಫ್ಯೂಜ್, ಒಂದು ಫ್ರೀಜರ್ ಇಟ್ರೆ ಸಾಕು ಅಕ್ಕಾ," ಎಂದಳು. ಅಂದಿನಿಂದ ನಾನು ಮೇಡಂ ಅಲ್ಲ, ಅಕ್ಕ.

ಪಕ್ಕದಲ್ಲಿ ಕೂತಿದ್ದ ಗರ್ಭಿಣಿಯೊಬ್ಬಳು, ತನ್ನ ರಕ್ತದಲ್ಲಿ ಏನು ಸಿಕ್ಕಿತೆಂದು ಯಾರಿಗೆ ಹೇಳುತ್ತೀರಿ ಎಂದು ತಮಿಳಿನಲ್ಲಿ ಕೇಳಿದಳು. ನನ್ನ ಜೊತೆ ಬಂದಿದ್ದವಳು ಆ ಪ್ರಶ್ನೆಯನ್ನು ಹಾಗೇ ಬರೆದುಕೊಂಡಳು. ಮುಂದಿನ ಸಭೆಯಲ್ಲಿ ಕಂಪನಿಯ ವಕೀಲರು, ಫಲಿತಾಂಶ ಹೊರಗೆ ಹೋಗಬಾರದು ಎಂದಾಗ ಅವಳು ಎದ್ದು ಆ ಪ್ರಶ್ನೆಯನ್ನೇ ಅವರ ಮುಂದಿಟ್ಟಳು. ಕೊನೆಗೆ, ಪೇಟೆಂಟಿಗೆ ಅರ್ಜಿ ಹಾಕುವವರೆಗೆ ನಾವು ಕಾಯುವುದು, ಆಮೇಲೆ ಎಲ್ಲವನ್ನೂ ಪ್ರಕಟಿಸುವುದು ಎಂದು ತೀರ್ಮಾನವಾಯಿತು. ನಮ್ಮ ಮುಖ್ಯಸ್ಥರೂ ಗೊಣಗುತ್ತಲೇ ಸಹಿ ಹಾಕಿದರು.

ಒಪ್ಪಂದದಂತೆ ಪ್ರತಿ ಶುಕ್ರವಾರ ಯಂತ್ರ ನಮ್ಮದು. ಸ್ಯಾಂಪಲ್ ಏರಿಸಿದ ಮೇಲೆ ಅದು ತಾನಾಗಿ ಓಡುತ್ತಿರುತ್ತದೆ. ನಾವು ಪಲ್ಲಾವರಂ ಸಂತೆಗೆ ಹೋಗುತ್ತಿದ್ದೆವು. ಹಳೆಯ ಮಿಕ್ಸಿ, ಗಡಿಯಾರ, ಕೋಳಿಮರಿ, ಹೂಗಿಡ, ಎಲ್ಲದರ ನಡುವೆ ಅವಳು ಒಂದೊಂದರ ಮುಂದೆ ನಿಂತು ಕನ್ನಡದ ಹೆಸರು ಕೇಳುವಳು.

"ಈ ಸೆಂಬರುತ್ತಿಗೆ ಏನಂತಾರೆ ಅಕ್ಕಾ?"

"ದಾಸವಾಳ."

"ಹಾಂ, ಅಜ್ಜಿ ಹಂಗೇ ಅಂತಿದ್ರು. ನನ್ ಮಗಳು ಒಂದಕ್ಕೂ ಕನ್ನಡದಲ್ಲಿ ಉತ್ತರ ಕೊಡಲ್ಲ. ನಾನೂ ಮರ್ತ್ರೆ ಮುಗೀತು."

ಬಿಸಿಲಿಗೆ ಸೆರಗು ಹೊದ್ದು ನಡೆಯುತ್ತಾ ನಾವು ಪ್ರೋಟೀನಿನ ವಿಷಯವನ್ನೂ ಕನ್ನಡದಲ್ಲೇ ಆಡಿಕೊಳ್ಳುತ್ತಿದ್ದೆವು. ಅದೇ ಮಾತನ್ನು ನಾನು ಬೇರೆ ಯಾರೊಡನೆಯೂ ಹಾಗೆ ಆಡಿದ್ದಿಲ್ಲ.

ಕೆಲವು ಪ್ರೋಟೀನುಗಳು ರೋಗ ಕಾಣಿಸುವುದಕ್ಕೆ ವಾರಗಳ ಮುಂಚೆಯೇ ಏರುತ್ತವೆ ಎಂಬುದು ಹಾಗೊಂದು ಶುಕ್ರವಾರ ಪರದೆಯ ಮೇಲೆ ಸ್ಪಷ್ಟವಾಯಿತು. ಅವಳು ನನ್ನ ಕೈ ಹಿಡಿದುಕೊಂಡಳು. "ಇನ್ನೊಂದು ಆಸ್ಪತ್ರೆ ತಾಯಂದಿರಲ್ಲೂ ಇದೇ ಬರ್ಬೇಕು ಅಕ್ಕಾ. ಆಗ ನಂಬೋಣ." ಕಣ್ಣು ಮಾತ್ರ ಆಗಲೇ ನಂಬಿಬಿಟ್ಟಿತ್ತು.

ಮರುವರ್ಷ ಕಂಪನಿ ಯಂತ್ರವಿದ್ದ ವಿಭಾಗವನ್ನೇ ಅಹಮದಾಬಾದಿಗೆ ಸಾಗಿಸಿತು. "ಯಂತ್ರ ಹೋದ್ಮೇಲೆ ನಾನಿಲ್ಲಿ ಏನ್ ಮಾಡ್ಲಿ? ನೀವೇ ಹೇಳಿ," ಎಂದಳು. ಹೋಗಬೇಡ ಎನ್ನಬೇಕೆಂದಿದ್ದೆ. ಆದರೆ ಅವಳು ಹೋಗದಿದ್ದರೆ ನಮ್ಮ ಕೆಲಸವನ್ನು ಅಲ್ಲಿ ಕಾಯುವವರು ಯಾರು? "ಹೋಗವ್ವಾ," ಎಂದೆ.

ಕೆಲಸ ನಿಂತಿಲ್ಲ. ಎರಡನೆಯ ಆಸ್ಪತ್ರೆಯೂ ಸೇರಿದೆ, ನಮ್ಮ ಲೇಖನವೂ ಪ್ರಕಟವಾಗಿದೆ. ತಿಂಗಳ ಸಭೆ ಕಂಪ್ಯೂಟರಿನಲ್ಲಿ, ಇಂಗ್ಲಿಷಿನಲ್ಲಿ. ಅಲ್ಲಿ ನಾನು ಅವಳಿಗೆ ಡಾಕ್ಟರ್, ಅವಳು ನನಗೆ ಡಾಕ್ಟರ್. ಎಲ್ಲರೂ ಹೊರಟ ಮೇಲೆ ಪರದೆಯಲ್ಲಿ ಅವಳ ಚೌಕ ಒಂದು ಕ್ಷಣ ಉಳಿಯುತ್ತದೆ. "ಊಟ ಆಯ್ತಾ ಅಕ್ಕಾ?" ಎನ್ನುತ್ತಾಳೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಲ್ಲಿ ಯಾರೋ ಅವಳನ್ನು ಕರೆಯುತ್ತಾರೆ.

ಮೊನ್ನೆ ಸ್ಯಾಂಪಲ್ ಒಯ್ಯುವವನು ಬಾರದ ಕಾರಣ, ಡ್ರೈ ಐಸ್ ತುಂಬಿದ ಪೆಟ್ಟಿಗೆಯನ್ನು ನಾನೇ ವಿಮಾನ ನಿಲ್ದಾಣಕ್ಕೆ ಒಯ್ದೆ. ಮರುದಿನ ಅಹಮದಾಬಾದಿನಲ್ಲಿ ಅವಳೇ ಅದರ ಮುಚ್ಚಳ ತೆಗೆಯುವವಳಿದ್ದಳು. ಪೆಟ್ಟಿಗೆಯನ್ನು ಕೌಂಟರಿನಾಚೆ ಕೊಟ್ಟ ಮೇಲೂ ಕೈ ಅಲ್ಲೇ ಇಟ್ಟುಕೊಂಡು ನಿಂತಿದ್ದೆ. ಹೊರಗೆ ಆಟೋದವನು ಎಲ್ಲಿಗೆಂದು ಕೇಳಿದ. ಪಲ್ಲಾವರಂ ಸಂತೆ ಅಲ್ಲಿಗೆ ಹತ್ತಿರವೇ. ಕೀಲ್ಪಾಕ್ ಎಂದೆ.