ವಿಮಾನದ ಪಟ್ಟಿ, ಎತ್ತಿನ ಕೊರಳು

ಆಗ ಕಿತ್ತೂರಿನ ಹೆದ್ದಾರಿಯಲ್ಲಿ ಲಾರಿ ಕೆಟ್ಟು ನಿಂತರೆ ನಮಗೆ ಅದೇ ಸರ್ಕಸ್ಸು. ತೊಂಬತ್ತರ ದಶಕದಲ್ಲಿ, ಎತ್ತುಗಳ ಹಬ್ಬವಾದ ಕಾರಹುಣ್ಣಿಮೆಯ ಹಿಂದಿನ ದಿನ, ಅಚ್ಚು ಮುರಿದು ನಿಂತ ಉದ್ದನೆಯ ಟ್ರೇಲರಿನ ಮೇಲೆ ವಿಮಾನವೇ ಇತ್ತು! ರೆಕ್ಕೆ ಕತ್ತರಿಸಿದ್ದರು. ಇಳಿಯುವಾಗ ಜಾರಿ ಹೊಟ್ಟೆ ತರಚಿಕೊಂಡಿತ್ತಂತೆ. ಯಾರೂ ಸತ್ತಿರಲಿಲ್ಲ, ಆದರೆ ಇನ್ನು ಹಾರಲಾರದೆಂದು ಬರೆದುಕೊಟ್ಟಿದ್ದರು. ಪುಣೆ ಕಡೆಯ ಸಾಹುಕಾರನೊಬ್ಬ ಹೋಟೆಲು ಮಾಡಲು ಕೊಂಡಿದ್ದ.

ಡ್ರೈವರ್ ಶಿವಪ್ಪ ನಮ್ಮ ಜಿಲ್ಲೆಯ ಕಟಕೋಳದವನು. ಕ್ಲೀನರ್ ಅಚ್ಚು ತರಲು ಬೆಳಗಾವಿಗೆ ಹೋಗಿದ್ದ. ಶಿವಪ್ಪ ನನ್ನನ್ನು ಹತ್ತಿರ ಕರೆದ.

"ತಂಗಿ, ಮಗಳು ಹುಟ್ಟಿ ಹನ್ನೆರಡು ದಿನಾ ಆತು, ಇನ್ನೂ ಮಾರಿ ನೋಡಿಲ್ಲ. ನಾಳೆ ಸಂಜೀತನಕಾ ಇದನ್ನ ಕಾದ್ರ ಒಳಗ ಕುಂದರಾಕ ಬಿಡತೇನಿ."

ನನಗೆ ಹನ್ನೊಂದು ವರ್ಷ. ಮೊದಲ ಮಾತಿಗೇ ಒಪ್ಪುವ ಜಾಯಮಾನ ಆಗಲೂ ಇರಲಿಲ್ಲ. "ಬರೇ ಕುಂದರೂದಲ್ಲ ಕಾಕಾ, ಪೈಲಟ್ ಖುರ್ಚಿನೂ ಬೇಕು."

"ಆತವ್ವಾ ವ್ಯಾಪಾರಗಿತ್ತಿ!" ಎಂದು ನಕ್ಕ. ಆಮೇಲೆ ಸವದತ್ತಿ ಎಲ್ಲವ್ವನ ಭಂಡಾರದ ಅರಿಶಿನವನ್ನು ನನ್ನ ಅಂಗೈಗೆ ಹಾಕಿ, "ಒಂದು ಮೊಳಿ ಸುದ್ದಾ ಹೋಗಬಾರದು" ಎಂದು ಆಣೆ ಮಾಡಿಸಿ ಬಸ್ಸು ಹತ್ತಿದ.

ವಿಮಾನದ ಒಳಗೆ ಸುಟ್ಟ ರಬ್ಬರಿನ ವಾಸನೆ. ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಈರಣ್ಣ ಸೀಟಿನ ಪಟ್ಟಿ ಹಿಡಿದು ಕುಣಿದ.

"ಖಟ್ ಅಂದ್ರ ಹತ್ತತೈತಿ, ಖಟ್ ಅಂದ್ರ ಬಿಡತೈತಿ! ನಮ್ಮ ಎತ್ತಿನ ಕೊರಳಿಗಿ ಇದs ಬೇಕಲೇ. ಎರಡು ಕೋಡಬಳಿ ಕೊಡತೇನಿ."

"ಹಬ್ಬದಾಗ ನಾಕು."

ಎತ್ತು ಓಡಿಸಿ ಕರಿ ಹರಿದ ಮೇಲೆ ಬಿಚ್ಚಿ ತಂದು ಹಾಕಿದರಾಯಿತು ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಓಣಿಯ ಎತ್ತುಗಳೆಲ್ಲ ವಿಮಾನದ ಪಟ್ಟಿ ಕಟ್ಟಿಕೊಂಡಿದ್ದವು. ನನ್ನ ಲಂಗದ ತುಂಬ ಕೋಡಬಳೆ. ಎತ್ತುಗಳು ಮಳೆಯ ರಾಡಿಯಲ್ಲಿ ಓಡಿದವು. ಕೆಲವು ಪಟ್ಟಿ ಹರಿದವು, ಕೆಲವು ಎಲ್ಲಿ ಬಿದ್ದವೋ.

ಸಂಜೆ ಶಿವಪ್ಪ ಬಸ್ಸಿಳಿಯುವುದಕ್ಕೂ ಸಾಹುಕಾರನ ಮುಕಾದಮ ಜೀಪಿನಲ್ಲಿ ಬರುವುದಕ್ಕೂ ಸರಿಹೋಯಿತು. ಮುಕಾದಮ ಒಳಹೊಕ್ಕವನೇ ಹೊರಗೆ ಬಂದ.

"ಪಟ್ಟಿ ಕಟ್ಕೊಂಡು ಉಣ್ಣೂದs ಆ ಹೋಟೆಲಿನ ಮಜಾ. ಯಾರು ಬಿಚ್ಚಿದ್ರು?"

ಶಿವಪ್ಪ ನನ್ನತ್ತ ನೋಡಿದ. ಆ ನೋಟದಲ್ಲಿ ಸಂಶಯವಿರಲಿಲ್ಲ. ನಾನು ಏನಾದರೂ ಹೇಳಿಯೇನು ಎಂದು ಕಾಯುತ್ತಿದ್ದ, ಅಷ್ಟೆ.

"ನನಗ ಗೊತ್ತಿಲ್ಲರಿ," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಕಾಕಾ ನಿನ್ನೆಯಿಂದ ಇಲ್ಲಿ ಇರಲೇ ಇಲ್ಲರಿ."

ಮುಕಾದಮ ಕೈ ಚಾಚಿದ. ಶಿವಪ್ಪ ಗಾಡಿಯ ಕೀಲಿಕೈ ಕೊಟ್ಟು, ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಕೈಗಿಟ್ಟ. "ಮಗಳ ತೊಟ್ಟಲದ ಗುಗ್ಗರಿ ತಂಗಿ. ಎಲ್ಲಾರೂ ಹಂಚ್ಕೊಳ್ರಿ." ಹಾಗೆಯೇ ಬಸ್‌ಸ್ಟ್ಯಾಂಡಿನತ್ತ ನಡೆದ.

ವಿಮಾನ ಹೋಟೆಲಾಯಿತು, ಕೆಲವು ವರ್ಷಕ್ಕೆ ಮುಚ್ಚಿತು, ಕಡೆಗೆ ತುಂಡು ಮಾಡಿ ಗುಜರಿಗೆ ಹಾಕಿದರೆಂದು ಕೇಳಿದೆ. ನಾನೀಗ ಅದೇ ಹೆದ್ದಾರಿಯಲ್ಲಿ ಮೂರು ಲಾರಿ ಓಡಿಸುತ್ತೇನೆ. ಎಂಥವನ ಹತ್ತಿರವೂ ದರ ಇಳಿಸಬಲ್ಲೆ. ಮಗುವಿನ ಮಾತಿಗೆ ಗಾಡಿ ಬಿಟ್ಟುಹೋಗುವ ಮನುಷ್ಯ ಮಾತ್ರ ಮತ್ತೆ ಸಿಕ್ಕಿಲ್ಲ. ಹೊಸ ಡ್ರೈವರುಗಳಿಗೆ ಮೊದಲ ದಿನವೇ ಹೇಳುತ್ತೇನೆ: ಏನೇ ಆಗಲಿ ಗಾಡಿ ಬಿಟ್ಟು ಇಳಿಯಬೇಡ್ರಿ, ಯಾರ ಮಾತೂ ನಂಬಬೇಡ್ರಿ. ನಿಮಗೂ ಅದೇ ನನ್ನ ಸಲಹೆ, ಒಳ್ಳೆಯ ಸಲಹೆ. ಹೇಳುವಾಗ ಅವರ ಮುಖ ನೋಡಲು ಮಾತ್ರ ನನ್ನಿಂದ ಆಗುವುದಿಲ್ಲ.